ಮಾದೇವಿ ಉಳಿಸಿ ಹೋದ ಮರುಸಾಲು

ಸತ್ತವರು ಸತ್ತರು, ಅಲ್ಲಿಗೆ ಮುಗಿಯಿತು ಎಂದು ತಿಳಿದು ಬದುಕಿದವಳು ನಾನು. ನಮ್ಮ ಕೇರಿಯಲ್ಲಿ ಹೆಂಗಸರು ತೀರಿಕೊಂಡರೆ ಕಡೆಯ ಸ್ನಾನ ಮಾಡಿಸಲು ನನ್ನನ್ನೇ ಕರೆಯುತ್ತಿದ್ದರು. ಎಷ್ಟು ಜನರಿಗೆ ನೀರು ಹಾಕಿದ್ದೇನೋ ನೆನಪಿಲ್ಲ. ಒಬ್ಬಳೂ ಕಣ್ಣು ಬಿಟ್ಟು ನೋಡಲಿಲ್ಲ, ಒಬ್ಬಳೂ ಆಮೇಲೆ ಬಂದು ಬಾಗಿಲು ತಟ್ಟಲಿಲ್ಲ. ಪಕ್ಕದ ಮನೆಯ ಬೀರಮ್ಮ ಒಮ್ಮೆ ಹುಣಸೆಮರದ ಬುಡದಲ್ಲಿ ಬಿಳಿ ದೆವ್ವ ಕಂಡೆ ಎಂದು ಎರಡು ದಿನ ಜ್ವರ ಹಿಡಿದು ಮಲಗಿದಳು. ಅದು ನಾನು ಒಣಗಲು ಹಾಕಿ ಮರೆತಿದ್ದ ಲಂಗ. "ನಿನ್ನ ದೆವ್ವದ ಲಾಡಿ ಹರ್ದಿತ್ತೆ, ಹೊಲ್ದು ಉಟ್ಕಂಡೆ" ಎಂದು ಅವಳಿಗೆ ಹೇಳಿ ಬಂದೆ. ಇಂಥವಳು ನಾನು. ಮುಂದೆ ಬರೆಯುವುದನ್ನು ಬೇರೆಯವರು ಹೇಳಿದ್ದರೆ ಅವರಿಗೂ ಹಾಗೇ ಏನಾದರೂ ಅಂದು ಎದ್ದು ಹೋಗುತ್ತಿದ್ದೆ.

ನಾನು ಕಲಿತದ್ದು ಮೂರನೇ ಇಯತ್ತೆ. ಒಂದು ಹಾಳೆ ಬರೆಯಲು ಒಂದು ವಾರ ಬೇಕು. ಅಕ್ಷರದ ತಪ್ಪನ್ನು ಮೊಮ್ಮಗಳು ಸವಿತಾ ತಿದ್ದಿದ್ದಾಳೆ. ಮಾತು ತಿದ್ದಲು ಅವಳಿಗೆ ಬಿಟ್ಟಿಲ್ಲ.

ಮೊದಲು ನಮ್ಮ ಹಾಡಿನ ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಂಕೋಲೆ ಸೀಮೆಯ ಹಟ್ಟಿಕೇರಿ ನಮ್ಮ ಊರು. ನಮ್ಮ ಕೇರಿಯಲ್ಲಿ ಭತ್ತದ ಸಸಿ ನೆಡುವಾಗ ಹಾಡಿಗೆ ಇಬ್ಬರು ಬೇಕು. ಒಬ್ಬಳು ಕೇಳುವವಳು, ಇನ್ನೊಬ್ಬಳು ಹೇಳುವವಳು. ಹೇಳುವವಳು ಹಾಡುವುದಕ್ಕೆ ಮರುಸಾಲು ಎನ್ನುತ್ತೇವೆ. ಒಬ್ಬಳ ಸಾಲನ್ನು ಇನ್ನೊಬ್ಬಳು ಹಾಡಬಾರದು, ಬಾಯಿಗೆ ಬಂದರೂ ನುಂಗಿಕೊಳ್ಳಬೇಕು. ಹಾಡಿನ ಮುಕ್ಕಾಲು ಪಾಲು ಹಿಂದಿನಿಂದ ಬಂದದ್ದು. ಕಡೆಯ ಒಂದು ಪ್ರಶ್ನೆ ಮಾತ್ರ ಆ ದಿನ ಗದ್ದೆಯಲ್ಲೇ ಕಟ್ಟಿ ಕೇಳಬೇಕು, ಅದರ ಮರುಸಾಲನ್ನೂ ನಿಂತಲ್ಲೇ ಕಟ್ಟಿ ಹೇಳಬೇಕು. ಅದು ಹೆಚ್ಚಾಗಿ ಕುಚೋದ್ಯ. ಒಬ್ಬಳ ಗಂಡನ ಹೊಟ್ಟೆ, ಒಬ್ಬಳ ಸಾರಿಗೆ ಉಪ್ಪಿಲ್ಲದ್ದು, ಹೀಗೆ. ಮರುಸಾಲು ಬಂದ ಮೇಲೆ ಕೇಳಿದವಳು "ಕೇಳ್ತು" ಎನ್ನಬೇಕು. ಆಮೇಲೇ ಎಲ್ಲರೂ ಗದ್ದೆಯಿಂದ ಮೇಲೆ ಹತ್ತುವುದು. ಮರುಸಾಲು ಬಾರದೆ ಯಾರೂ ಹತ್ತಬಾರದು.

ಹತ್ತಿದವಳು ನಾನೊಬ್ಬಳೇ.

ನನ್ನ ಒಬ್ಬಳೇ ಮಗಳು ಮಾದೇವಿ. ನನಗೆ ಹೇಳುವವಳು ಅವಳೇ. ಸಸಿಗಳನ್ನು ಸೂಡಿ ಮಾಡಿ ಕಟ್ಟಿದ ಬಳ್ಳಿ ಬಿಚ್ಚಿ, ಅದನ್ನು ಬಿಸಾಡದೆ ಹಲ್ಲಿನಲ್ಲಿ ಕಚ್ಚಿಕೊಂಡೇ ಹಾಡುವುದು ಅವಳ ಚಟ. ಹಾಗಾಗಿ ಅವಳ 'ಸ' ಸೀಟಿಯ ಹಾಗೆ ಕೇಳುತ್ತಿತ್ತು. "ಬಾಯಲ್ಲಿ ಹಾವು ಸಾಕೀಯೆ?" ಎಂದು ಹೆಂಗಸರು ನಗುತ್ತಿದ್ದರು. ಅವಳನ್ನು ಕಾಳಿ ಹೊಳೆಯ ಆಚೆ ಚಿತ್ತಾಕುಲಕ್ಕೆ ಕೊಟ್ಟಿದ್ದೆ. ಎರಡೂವರೆ ವರ್ಷದ ಸವಿತಾಳನ್ನು ಸೊಂಟದಲ್ಲಿ ಕೂರಿಸಿಕೊಂಡು ಒಂದು ಮಳೆಗಾಲದಲ್ಲಿ ಬಂದಳು. ಗಂಡ ಹೊಡೆಯುತ್ತಾನೆ, ಇನ್ನು ಹೋಗುವುದಿಲ್ಲ ಅಂದಳು. ನಾನೂ ಹೊಡೆಸಿಕೊಂಡೇ ಸಂಸಾರ ಮಾಡಿದವಳು. ಇದೇನು ಹೊಸ ಸಂಗತಿ ಎಂದು ನನಗೆ ಅನ್ನಿಸಿತು. ಒಂದು ತಿಂಗಳು ಸುಮ್ಮನಿದ್ದೆ. ಬಾವಿಕಟ್ಟೆಯಲ್ಲಿ ನಾಲ್ಕು ಜನ ಕೇಳತೊಡಗಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಆ ವರ್ಷ ನೆಡುವ ಕೆಲಸದ ಕೊನೆಯ ದಿನ, ಎಲ್ಲರ ಎದುರಿಗೆ, ಕಡೆಯ ಪ್ರಶ್ನೆಯಾಗಿ ನಾನು ಇದನ್ನು ಕೇಳಿದೆ:

ಕೊಟ್ಟ ಮನೆ ಬಿಟ್ಟು ಬಂದ ಮಗಳೆ
ಅಟ್ಟದ ಭತ್ತ ಇಳೀತು ಮಗಳೆ
ಹೋಗೂದು ಯಾವಾಗೆ ಹೇಳೆ

ಹೆಂಗಸರು ನಕ್ಕರು. ಕುಚೋದ್ಯ ಅಂದುಕೊಂಡರು. ಮಾದೇವಿ ಕೈಯಲ್ಲಿ ಸೂಡಿ ಹಿಡಿದು, ಬಳ್ಳಿ ಕಚ್ಚಿಕೊಂಡು ನಿಂತೇ ಇದ್ದಳು. ಬಾಯಿ ತೆರೆಯಲಿಲ್ಲ. ಇವಳದು ಎಂಥ ಸೊಕ್ಕು ಎಂದು ನನಗೆ ಸಿಟ್ಟು ಬಂತು. ಮರುಸಾಲಿಗೆ ಕಾಯದೆ ಗದ್ದೆಯ ಅಂಚಿನ ಹಾಳಿ ಹತ್ತಿ ಮನೆಗೆ ನಡೆದೆ. ಮೂರನೇ ದಿನ ಅವಳು ಗಂಡನ ಮನೆಗೆ ಹೊರಟಳು. ಮಗುವಿಗೆ ನೆಗಡಿ, ಎಂಟು ದಿನ ಇಲ್ಲೇ ಇರಲಿ ಅಂದಳು. ಎಂಟು ದಿನ ಕಳೆಯಿತು, ಬರಲಿಲ್ಲ. ಅಲ್ಲಿ ಅವಳಿಗೆ ಜ್ವರ ಬಂದದ್ದು ನಮಗೆ ಗೊತ್ತಾಗಲಿಲ್ಲ. ಸುದ್ದಿ ಬಂದು ನಾನು ಹೊಳೆ ದಾಟಿ ಹೋಗುವ ಹೊತ್ತಿಗೆ ಅವಳನ್ನು ಅಂಗಳದಲ್ಲಿ ಮಲಗಿಸಿದ್ದರು. ಊರವರಿಗೆಲ್ಲ ನೀರು ಹಾಕಿದವಳು ಅವಳಿಗೂ ಹಾಕಿದೆ.

ಸವಿತಾ ನನ್ನ ಹತ್ತಿರವೇ ಬೆಳೆದಳು. ತಾಯಿ ಗಂಡನ ಮನೆಗೆ ಹೋಗಿ ಜ್ವರ ಬಂದು ಸತ್ತಳು ಎಂದು ಅವಳಿಗೆ ಹೇಳಿದ್ದೆ. ಸುಳ್ಳಲ್ಲ. ಹೋಗು ಎಂದವರು ಯಾರು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಆಮೇಲೆ ನಾನು ಗದ್ದೆಯಲ್ಲಿ ಬಾಯಿ ತೆರೆಯಲಿಲ್ಲ. ಹಾಡಿಗೆ ಬೇರೆ ಜೋಡಿ ಆಯಿತು.

ಎರಡು ಸಾವಿರದ ಆರೋ ಏಳೋ ಇರಬೇಕು. ಸವಿತಾ ಕಾರವಾರದ ಕಾಲೇಜಿನಲ್ಲಿ ಕಡೆಯ ವರ್ಷ. ಅಲ್ಲಿ ಹುಡುಗರು ಹುಡುಗಿಯರು ಗುಂಪು ಮಾಡಿಕೊಂಡು ಒಂದೊಂದು ಹಾಡಿನ ವಿಡಿಯೋ ಮಾಡಬೇಕು ಎಂದಿತ್ತಂತೆ. ಇವಳು ನನ್ನ ಹಾಡು ಮಾಡುತ್ತೇನೆ ಎಂದು ಹೆಸರು ಕೊಟ್ಟು ಬಂದಿದ್ದಳು, ನನಗೆ ಕೇಳದೆ. ಆಗುವುದಿಲ್ಲ ಎಂದೆ. ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ನಾನೇ ಸೋತೆ.

ಕ್ಯಾಮೆರಾ ತಂದವನು ವಿನಾಯಕ ಎಂಬ ಹುಡುಗ, ಅವಳ ಕ್ಲಾಸಿನವನು. ಮನೆ ಕಾರವಾರದ ಹಬ್ಬುವಾಡ. ಅವನ ಸೋದರಮಾವ ಮದುವೆ ವಿಡಿಯೋ ತೆಗೆಯುವವನು, ಕ್ಯಾಮೆರಾ ಅವನದು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಒಳಗಿನ ಟೇಪು ಬೆಂಕಿಪೊಟ್ಟಣದಷ್ಟು. ಮಳೆ ತಾಗದ ಹಾಗೆ ಕ್ಯಾಮೆರಾಕ್ಕೆ ಹಾಲಿನ ಪ್ಲಾಸ್ಟಿಕ್ ಕೊಟ್ಟೆ ಸುತ್ತಿದ್ದ. ನನ್ನ ರವಿಕೆಗೆ ಗುಂಡಿಯಂಥ ಒಂದು ಮೈಕು ಸಿಕ್ಕಿಸಿದರು. ಮೊದಲು ಹಾಡನ್ನು ತುಂಬಿಕೊಂಡು, ಆಮೇಲೆ ಅದನ್ನು ಹಚ್ಚುತ್ತೇವೆ, ಆಗ ಸುಮ್ಮನೆ ಬಾಯಾಡಿಸಿದರೆ ಸಾಕು ಎಂದ ವಿನಾಯಕ.

"ಬಾಯಾಡಿಸೂಕೆ ನಾ ಏನ್ ಮೀನೇನಾ?" ಅಂದೆ.

"ಎಲ್ಲಾ ಪಿಕ್ಚರಲ್ಲೂ ಹಂಗೇ ಅಜ್ಜಿ."

"ಹಂಗಾರೆ ಪಿಕ್ಚರಿನವರನ್ನೇ ಕರ್ಕಂಬಾ. ಅವ್ರು ಸಸೀನೂ ಸುಮ್ನೆ ಕೈ ಆಡ್ಸಿ ನೆಡ್ತ್ರು."

ಕಡೆಗೆ ಗದ್ದೆಯಲ್ಲೇ ಹಾಡುವುದು ಎಂದಾಯಿತು. ಹೇಳುವವಳ ಸಾಲನ್ನು ಸವಿತಾ ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಹಾಡಿ ಸೇರಿಸುವವಳು. ಕಡೆಯ ಮರುಸಾಲನ್ನೂ ಅವಳೇ ಕಟ್ಟುವವಳು. ಅಷ್ಟಷ್ಟು ಜಾಗ ಬಿಡಿ ಅಜ್ಜಿ ಎಂದರು. ಅದನ್ನು ನನಗೆ ಕಲಿಸಬೇಕಾಗಿರಲಿಲ್ಲ.

ನಾವು ಏಳು ಹೆಂಗಸರು ಸಾಲಾಗಿ ನಿಂತೆವು. ನನ್ನ ಬಲಕ್ಕೆ ಒಂದು ಆಳಿನಷ್ಟು ಜಾಗ ಖಾಲಿ ಬಿಟ್ಟು, ಆಚೆ ಬೀರಮ್ಮ. ಹೇಳುವವಳು ನಿಲ್ಲುವುದು ಬಲಕ್ಕೆ, ಅದಕ್ಕೆ ಬಿಟ್ಟದ್ದು. ಬೆಳಗ್ಗೆ ಹತ್ತರ ಹೊತ್ತು, ಮಳೆ ಬಿಟ್ಟು ಬಿಸಿಲು ಬಂದಿತ್ತು. ಹದಿನೆಂಟು ವರ್ಷ ಮುಚ್ಚಿದ ಬಾಯಿ, ತೆರೆದರೆ ಹಾಡು ಹಾಗೇ ಇತ್ತು. ಕೇಳುವುದು, ಜಾಗ ಬಿಡುವುದು, ಮತ್ತೆ ಕೇಳುವುದು. ಕಡೆಯ ಪ್ರಶ್ನೆಗೆ ಸವಿತಾಳನ್ನೇ ಚುಡಾಯಿಸಲು ಒಂದು ಸಾಲು ಕಟ್ಟಿಟ್ಟುಕೊಂಡಿದ್ದೆ. ಕಂಪ್ಯೂಟರ್ ಕಲಿತ ಹುಡುಗಿ ಗಂಜಿ ಬಸಿಯಲು ಯಾವಾಗ ಕಲಿಯುತ್ತೀ ಎಂದು. ಅದನ್ನೇ ಹಾಡಲು ಬಾಯಿ ತೆರೆದೆ. ಬಂದದ್ದು ಅದಲ್ಲ. ಕೊಟ್ಟ ಮನೆ ಬಿಟ್ಟು ಬಂದ ಮಗಳೆ ಎಂದೇ ಬಂತು. ಅರ್ಧಕ್ಕೆ ನಿಲ್ಲಿಸಬೇಕೆಂದರೂ ಆಗಲಿಲ್ಲ, ಮೂರೂ ಸಾಲು ಹೊರಗೆ ಬಂದವು.

ಆಮೇಲೆ ಗದ್ದೆಯಲ್ಲಿ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಇದನ್ನು ಸರಿಯಾಗಿ ಬರೆಯುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಯಾರೂ ಹಾಡಲಿಲ್ಲ, ಯಾರೂ ಮಾತಾಡಲಿಲ್ಲ. ಸವಿತಾ ಕೈ ಎತ್ತಿ ಮುಗಿಯಿತು ಎಂದು ತೋರಿಸಿದ ಮೇಲೆ ಬೀರಮ್ಮ ನನ್ನ ಹತ್ತಿರ ಬಂದು, "ಎಂತಕ್ಕೆ ಆ ಸಾಲು ತೆಗ್ದೆಯೆ?" ಎಂದು ಮೆಲ್ಲಗೆ ಕೇಳಿದಳು. ಮಾದೇವಿಗೆ ಅದನ್ನು ಕೇಳಿದ ದಿನ ಗದ್ದೆಯಲ್ಲಿದ್ದವರಲ್ಲಿ ಉಳಿದವರು ನಾವಿಬ್ಬರೇ.

"ನಾ ತೆಗೀಲಿಲ್ಲ, ಬಂತು" ಅಂದೆ.

ಎರಡು ವಾರ ಬಿಟ್ಟು ಒಂದು ಆದಿತ್ಯವಾರ ಸವಿತಾ ನನ್ನನ್ನು ಹಬ್ಬುವಾಡಕ್ಕೆ ಕರೆದುಕೊಂಡು ಹೋದಳು. ಅವಳು ಹಾಡುವುದು ಸರಿ ಇದೆಯೋ ಇಲ್ಲವೋ ನಾನು ಹೇಳಬೇಕಿತ್ತು. ವಿನಾಯಕನ ಮನೆಯ ಮಹಡಿಯ ಮೇಲೆ ಒಂದು ಕೋಣೆ. ಹೊರಗಿನ ಸದ್ದು ಬಾರದಂತೆ ಕಿಟಕಿಗಳಿಗೆ ಕಂಬಳಿ ಹೊದಿಸಿದ್ದರು. ನನ್ನ ಬಳೆಗಳು ಸದ್ದು ಮಾಡುತ್ತವೆ ಎಂದು ತೆಗೆಸಿದರು. ಕಂಪ್ಯೂಟರಿನಲ್ಲಿ ನನ್ನ ಮುಖ ಬಂತು, ಬೆಂದ ಗೆಣಸಿನ ಹಾಗೆ. ಕೆಳಗೆ ಒಂದು ಉದ್ದನೆಯ ಪಟ್ಟಿ. ನಾನು ಹಾಡಿದಲ್ಲಿ ಅದರಲ್ಲಿ ಹುಲ್ಲು ಎದ್ದ ಹಾಗೆ ಗೆರೆಗಳು ಏಳುತ್ತವೆ, ಸುಮ್ಮನಿದ್ದಲ್ಲಿ ಗೆರೆ ಮಲಗುತ್ತದೆ. ಹಾಡಿನ ಹಿಂದೆ ಡೋಲು ಬಡಿದ ಸದ್ದು ಬೇರೆ ಸೇರಿಸಿದ್ದ. ಇದೇನು ಹಾಡೋ ಮದುವೆ ದಿಬ್ಬಣವೋ ಎಂದೆ. ಆಗಲೇ ಅಳಿಸಿದ. ಒಳ್ಳೆಯ ಹುಡುಗ.

ಸವಿತಾ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತಳು. ಅದರಲ್ಲಿ ನನ್ನ ಪ್ರಶ್ನೆ ಅವಳಿಗೆ ಮಾತ್ರ ಕೇಳುತ್ತದೆ, ಮುಗಿದ ಕೂಡಲೆ ಅವಳು ಮರುಸಾಲು ಹಾಡಬೇಕು. ಹಳೆಯ ಸಾಲುಗಳನ್ನೆಲ್ಲ ಒಂದೇ ಸಲಕ್ಕೆ ಹಾಡಿದಳು. ತಾಯಿಯಷ್ಟು ಗಟ್ಟಿ ಗಂಟಲಲ್ಲ, ಆದರೆ ತಪ್ಪಲಿಲ್ಲ. ಕಡೆಯದು ಬಂತು. ವಿನಾಯಕ ಬೆರಳು ಎತ್ತಿದ. ಅವಳು ಹಾಡಲಿಲ್ಲ. ಮತ್ತೆ ಹಚ್ಚಿದ. ಮತ್ತೆ ಹಾಡಲಿಲ್ಲ.

"ಎಂತಾಯ್ತು, ಮರ್ತೋಯ್ತಾ?" ಅಂದ.

"ಅಲ್ಲಿ ಜಾಗ ಖಾಲಿ ಇಲ್ಲ" ಅಂದಳು ಸವಿತಾ. "ಯಾರೋ ಹಾಡಿಟ್ಟಿದ್ರು."

ಅವನು ಹೆಡ್‌ಫೋನ್ ತೆಗೆದುಕೊಂಡು ಕೇಳಿದ. ಏನೂ ಇಲ್ಲ, ನೀರಿನ ಸದ್ದು ಅಂದ. ಪಟ್ಟಿಯನ್ನು ದೊಡ್ಡದು ಮಾಡಿ ತೋರಿಸಿದ. ನನ್ನ ಪ್ರಶ್ನೆಯ ನಂತರ ಗೆರೆ ಮಲಗಿತ್ತು. ಸವಿತಾಳ ಮುಖ ನೋಡಿದೆ. ಹೆದರಿದ ಮುಖವಲ್ಲ ಅದು. ಜಾತ್ರೆಯಲ್ಲಿ ಕೈ ತಪ್ಪಿದ ಮಕ್ಕಳು ತಮ್ಮವರು ದೂರದಿಂದ ಕರೆದದ್ದು ಕೇಳಿ ನಿಲ್ಲುತ್ತವಲ್ಲ, ಹಾಗೆ ನಿಂತಿದ್ದಳು.

"ಇಲ್ಲಿ ತಾ" ಎಂದು ನಾನು ಹಾಕಿಕೊಂಡೆ.

ಮೊದಲು ನನ್ನದೇ ಧ್ವನಿ. ಹೋಗೂದು ಯಾವಾಗೆ ಹೇಳೆ. ಆಮೇಲೆ ಮರುಸಾಲು ಬಂತು. ಕಿವಿಯ ಮೇಲಿನ ಆ ಸಾಮಾನಿನಿಂದ ಬಂದ ಹಾಗಿರಲಿಲ್ಲ. ಬಲಗಡೆಯಿಂದ, ಎರಡು ಮೊಳ ದೂರದಿಂದ ಬಂತು. ಗಟ್ಟಿಯಾಗಿ ಅಲ್ಲ, ಸಾದಾ. 'ಸ' ಇದ್ದಲ್ಲೆಲ್ಲ ಸೀಟಿ. ಮುಗಿಯಿತು. ನಾನು ಹೆಡ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ.

ನನಗೆ ಆಗ ಏನು ಬುದ್ಧಿ ಬಂತೋ, ಒಂದು ಕೆಲಸ ಮಾಡಿದೆ. ಏನು ಕೇಳಿತೆಂದು ನಾನು ಹೇಳಲಿಲ್ಲ, ಅವಳಿಗೂ ಹೇಳಲು ಬಿಡಲಿಲ್ಲ. "ನೀ ಕೇಳಿದ್ದನ್ನ ಬರೆ" ಅಂದೆ. ಅವಳು ನೋಟುಬುಕ್ಕಿನ ಹಾಳೆ ಹರಿದು ಬರೆದು ನನ್ನ ಕೈಗೆ ಕೊಟ್ಟಳು. ಹೀಗಿತ್ತು:

ಹೋಗೂದು ಹೋತೆ ಅವ್ವಿ
ಸಸಿಯೊಂದ ಬಿಟ್ಟು ಹೋತೆ ಅವ್ವಿ
ನೀರೊಂದ ತಪ್ಪಿಸಬೇಡ ಸಸಿಗೆ

ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ನನಗೆ ಕೇಳಿದ್ದೂ ಅದೇ. ಸವಿತಾ ನನ್ನನ್ನು ಯಾವತ್ತೂ ಅವ್ವಿ ಎಂದವಳಲ್ಲ, ಅಜ್ಜಿ ಎನ್ನುವವಳು.

ವಿನಾಯಕ ಇನ್ನೊಮ್ಮೆ ಹಚ್ಚಿದ, ಈ ಸಲ ಎಲ್ಲರಿಗೂ ಕೇಳುವಂತೆ ಸ್ಪೀಕರಿನಲ್ಲಿ. ನೀರು. ಮತ್ತೆ ಹೆಡ್‌ಫೋನಿನಲ್ಲಿ ಸವಿತಾ ಕೇಳಿದಳು, ನಾನು ಕೇಳಿದೆ. ನೀರು. ಆಮೇಲೆ ಎಷ್ಟು ಸಲ ಹಚ್ಚಿದರೂ ನೀರೇ.

"ಸಸಿ ಅಂದ್ರೆ ನಾನಲ್ದಾ ಅಜ್ಜಿ?" ಅಂದಳು ಸವಿತಾ. ಮತ್ತೆ, "ಅವ್ಳಿಗೆ ಹೋಗು ಅಂದೋರು ಯಾರು?" ಎಂದಳು.

ಹದಿನೆಂಟು ವರ್ಷ ಯಾರೂ ಕೇಳದ ಮಾತು. ಬೇರೆ ಉತ್ತರ ಕೊಡಬಹುದಿತ್ತು. ಸತ್ತವಳ ಅತ್ತೆ ಇದ್ದಳು, ಗಂಡ ಇದ್ದ, ಹೊರಿಸಲು ಬೇಕಾದಷ್ಟು ಜನ ಇದ್ದರು.

"ನಾನು" ಅಂದೆ.

ವಿನಾಯಕ ಚಹಾ ತರುತ್ತೇನೆ ಎಂದು ಕೆಳಗೆ ಹೋದ. ನಾನು ಎಲ್ಲವನ್ನೂ ಹೇಳಿದೆ, ಗಂಡ ಹೊಡೆದದ್ದು, ಬಾವಿಕಟ್ಟೆಯ ಮಾತು, ಗದ್ದೆಯ ಪ್ರಶ್ನೆ, ನಾನು ಹಾಳಿ ಹತ್ತಿದ್ದು. ಸವಿತಾ ಅಳಲಿಲ್ಲ. ಚಹಾ ಬಂತು, ಕುಡಿಯಲಿಲ್ಲ. ಹಿಂದೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಳು, ಆದರೆ ಮುಖ ಕಿಟಕಿಯ ಕಡೆಗೆ. ಬಿಣಗಾ ಹೋಯಿತು, ಅಮದಳ್ಳಿ ಹೋಯಿತು. ಅವರ್ಸಾ ದಾಟುವಾಗ ಒಂದೇ ಮಾತು ಕೇಳಿದಳು.

"ಹೋಗುವಾಗ ಅವ್ಳು ತಿರುಗಿ ನೋಡಿದ್ಲಾ?"

"ಗೊತ್ತಿಲ್ಲ. ನಾ ನೋಡ್ಲಿಲ್ಲ."

ಆಮೇಲೆ ಸುಮಾರು ಒಂದು ತಿಂಗಳು ಅವಳು ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ಗಂಜಿ ಹಾಕಿದರೆ ಉಂಡಳು, ಬಟ್ಟೆ ಒಗೆದುಕೊಟ್ಟರೆ ಉಟ್ಟಳು. ನಾನೂ ಸಮಾಧಾನ ಮಾಡಲು ಹೋಗಲಿಲ್ಲ. ಮಾಡಿದ್ದನ್ನು ಮಾಡಿಲ್ಲ ಎಂದು ಮಾಡಲು ಆಗುತ್ತದೆಯೇ.

ವಿಡಿಯೋವನ್ನು ಕಾಲೇಜಿನ ದೊಡ್ಡ ಕೋಣೆಯಲ್ಲಿ ಗೋಡೆಯ ಮೇಲೆ ತೋರಿಸಿದರು. ನಾನೂ ಬೀರಮ್ಮನೂ ಹೋಗಿದ್ದೆವು. ಕಡೆಯ ಮರುಸಾಲಿನ ಜಾಗಕ್ಕೆ ಸವಿತಾ ಏನನ್ನೂ ಹಾಡಿರಲಿಲ್ಲ, ಬೇರೆಯವರಿಗೂ ಹಾಡಲು ಬಿಟ್ಟಿರಲಿಲ್ಲ. ನಾನು ಪ್ರಶ್ನೆ ಕೇಳುತ್ತೇನೆ, ಆಮೇಲೆ ನನ್ನ ಬಲಗಡೆಯ ಖಾಲಿ ಜಾಗದ ಕೆಸರು ನೀರು ಅಷ್ಟು ಹೊತ್ತು ಕಾಣುತ್ತದೆ, ಮುಗಿಯಿತು. ಒಬ್ಬ ಮಾಸ್ತರರು ಎದ್ದು, ಉಳಿದದ್ದೆಲ್ಲ ಚೆನ್ನಾಗಿದೆ, ಕೊನೆಯಲ್ಲಿ ಸೌಂಡ್ ಹೋಗಿದೆ, ಅದನ್ನು ನೋಡಿಕೊಳ್ಳಬೇಕಿತ್ತು ಎಂದರು. "ಹೌದು ಸರ್" ಎಂದು ಸವಿತಾ ಕುಳಿತಳು. ಬಹುಮಾನ ಬೇರೆ ಗುಂಪಿಗೆ ಹೋಯಿತು. ಬೀರಮ್ಮ ಮಾತ್ರ, ತನ್ನ ಬೆನ್ನು ಅಷ್ಟು ಡೊಂಕಾಗಿದ್ದು ಗೊತ್ತೇ ಇರಲಿಲ್ಲ ಎಂದು ದಾರಿಯುದ್ದಕ್ಕೂ ಗೋಳಾಡಿದಳು.

ನಾನು ಬಿಡದೆ ಯೋಚನೆ ಮಾಡಿದ್ದೇನೆ. ಟೇಪಿನಲ್ಲಿ ಹಳೆಯದೇನಾದರೂ ಉಳಿದಿತ್ತೇ ಎಂದು ವಿನಾಯಕನಿಗೆ ಕೇಳಿದೆ. ಹೊಸ ಟೇಪು, ಅವನೇ ಕವರು ಹರಿದದ್ದು. ಬೀರಮ್ಮ ಹಾಡಿದಳೇ? ಅವಳ ಬಾಯಲ್ಲಿ ಎಲೆಯಡಿಕೆ ತುಂಬಿತ್ತು, ವಿಡಿಯೋದಲ್ಲೇ ಕಾಣುತ್ತದೆ. ಇಷ್ಟು ವರ್ಷ ನನ್ನ ತಲೆಯೇ ಆ ಮರುಸಾಲನ್ನು ಒಳಗೊಳಗೆ ಕಟ್ಟಿ, ನಿದ್ದೆಯಲ್ಲಿ ಬಡಬಡಿಸಿ, ಪಕ್ಕದಲ್ಲಿ ಮಲಗಿದ ಮಗುವಿನ ಕಿವಿಗೆ ಬಿದ್ದಿತ್ತೇ? ಇರಬಹುದು. ಒಂದು ಕಾರಣಕ್ಕೆ ಅದೇ ನಿಜ ಅನ್ನಿಸುತ್ತದೆ. ಆ ಸಾಲಿನಲ್ಲಿ ನನಗೆ ಬೈಗುಳ ಇಲ್ಲ. ಮಾದೇವಿ ಬಾಯಿ ಬಿಟ್ಟರೆ ಬೈಯುವವಳು. ಬೈದಿದ್ದರೆ ಅವಳೇ ಎಂದು ನಂಬಿಬಿಡುತ್ತಿದ್ದೆ. ಆದರೆ ನನ್ನ ತಲೆ ಕಟ್ಟಿದ್ದಾದರೆ, ಅಷ್ಟು ಮೆತ್ತಗೆ ಅದಕ್ಕೆ ಕಟ್ಟಲು ಬರುತ್ತದೆಯೇ? ಅದೂ ಗೊತ್ತಿಲ್ಲ.

ವಿಡಿಯೋದ ಸಿ.ಡಿ. ಬೂಸಲು ಹಿಡಿದು ಹೋಯಿತು. ಸವಿತಾ ಬರೆದ ಹಾಳೆ ರೇಶನ್ ಕಾರ್ಡಿನ ಡಬ್ಬಿಯಲ್ಲಿದೆ. ಇನ್ನೊಬ್ಬಳ ಸಾಲು ಹಾಡಬಾರದು ಎಂದು ಪದ್ಧತಿ. ಬರೆಯಬಾರದು ಎಂದು ಯಾರೂ ಹೇಳಿಲ್ಲ, ಹಾಗಾಗಿ ಇಲ್ಲಿ ಬರೆದಿದ್ದೇನೆ.

ಮರುವರ್ಷ ನೆಡುವ ಕೆಲಸ ಮುಗಿದ ದಿನ, ಎಲ್ಲರೂ ಹತ್ತಿ ಹೋದ ಮೇಲೆ ನಾನು ಅದೇ ಗದ್ದೆಗೆ ಮತ್ತೆ ಇಳಿದೆ. ಮಟಮಟ ಮಧ್ಯಾಹ್ನ. ಮೊದಲು ನಿಂತ ಜಾಗದಲ್ಲೇ ನಿಂತು, ಬಲಕ್ಕೆ ತಿರುಗಿ, "ಕೇಳ್ತು" ಅಂದೆ. ಒಂದು ಸಲ, ಗಟ್ಟಿಯಾಗಿ. ಏನೂ ಆಗಲಿಲ್ಲ. ಏನಾದರೂ ಆಗಲಿ ಎಂದು ಇಳಿದದ್ದೂ ಅಲ್ಲ.

ತಿರುಗಿದರೆ ಹಾಳಿಯ ಮೇಲೆ ಸವಿತಾ ನಿಂತಿದ್ದಳು, ಕೈಯಲ್ಲಿ ನನ್ನ ಕೊಡೆ.

"ಯಾರ ಹತ್ರ ಮಾತಾಡ್ತಿದ್ದೆ ಅಜ್ಜಿ?"

"ನಂಗೂ ಗೊತ್ತಿಲ್ಲ" ಅಂದೆ. ಅವಳು ಕೈ ಕೊಟ್ಟಳು. ಹಿಡಿದು ಹತ್ತಿದೆ.